ಬಾಯಿಗೆ ಏನೂ ಹಾಕಬಾರದು

“ಇನ್ನೊಂದೀಟು ಎತ್ತಿ ಹಿಡಿಯವ್ವ. ಈಗ ನೋಯಂಗಿಲ್ಲ ಅವಂಗ,” ಎಂದ ವಿಶ್ವಾರಾಧ್ಯ.

ಅವನು ತಮ್ಮನ ಎಡಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸುತ್ತಿದ್ದ. ಸರ್ವಮಂಗಳಾ ಗಂಡನ ಬೆನ್ನ ಹಿಂದೆ ಕೂತು, ಕಂಕುಳಿಗೆ ಕೈ ಕೊಟ್ಟು ಮೈಯನ್ನು ಎತ್ತಿ ಹಿಡಿದಿದ್ದಳು. ಎತ್ತುವುದಕ್ಕೆ ಭಾರವೇನೂ ಇರಲಿಲ್ಲ. ಒಂದು ಕಾಲಕ್ಕೆ ಮೆಣಸಿನಕಾಯಿ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದ ಮೈ ಅದು. ಈಗ ಆ ಚೀಲದಷ್ಟೂ ತೂಗುತ್ತಿರಲಿಲ್ಲ.

ಜೀವ ಹೋಗಿದ್ದು ಬೆಳಕು ಹರಿಯುವಾಗ. ಮೈ ಸೆಟೆಯುವ ಮುಂಚೆ ಕೂರಿಸಬೇಕಿತ್ತು. ಲಿಂಗವಂತರಲ್ಲಿ ಸತ್ತವರು ಮಲಗಿಕೊಂಡು ಹೋಗುವುದಿಲ್ಲ, ಕೂತುಕೊಂಡು ಹೋಗುತ್ತಾರೆ. ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಪೂಜೆಗೆ ಕೂತವರ ಹಾಗೆ ಮಣ್ಣಿಗೆ ಇಳಿಯುತ್ತಾರೆ. ಕೊಟ್ರಪ್ಪನ ಕಾಲುಗಳು ಬದುಕಿರುವಾಗಲೇ ಸೆಟೆದುಕೊಂಡಿದ್ದವು. ಮಗಳು ದಾಕ್ಷಾಯಿಣಿ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಮೊಣಕಾಲಿನ ಮೇಲೆ ಹಾಕುತ್ತಿದ್ದಳು.

ಅಷ್ಟರಲ್ಲಿ ಕೆಳಗಿನ ಮನೆಯ ರಮಾಬಾಯಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದು, ಮಾತಿಗೆ ತಮಿಳು ಬೆರೆತ ಮಾಧ್ವರ ಮನೆಯ ಹೆಂಗಸು. ಪುರಸವಾಕ್ಕಂನ ಈ ಹಳೆಯ ಕಟ್ಟಡದಲ್ಲಿ ಹುಟ್ಟು ಸಾವು ಎರಡರ ಉಸ್ತುವಾರಿಯೂ ಅವರದೇ.

“ಸರ್ವಮಂಗಳಾ, ಐಸ್ ಪೆಟ್ಟಿ ಬಂತು. ನಾನೇ ಫೋನ್ ಪಣ್ಣಿ ತರಿಸಿದ್ದು. ಮೇಲೆ ತರಕ್ಕೆ ಹೇಳ್ಲಾ?”

“ಬ್ಯಾಡ್ರಿ ಅಮ್ಮಾರ,” ಎಂದ ವಿಶ್ವಾರಾಧ್ಯ, ತಲೆ ಎತ್ತದೆ. “ಪೆಟ್ಟಿಗ್ಯಾಗ ಮಲಗಿಸಿದ್ರ ಹಂಗೇ ಕೊರಡಾಗ್ತಾನ. ಆಮ್ಯಾಲೆ ಕುಂದ್ರಸಾಕ ಬರಂಗಿಲ್ಲ.”

“ಅಯ್ಯೋ ರಾಮಾ, ಈ ಮೆಡ್ರಾಸ್ ವೆಯಿಲ್‌ನಲ್ಲಿ ಸಾಯಂಕಾಲದ ತನಕ ಹೇಗ್ರೀ ತಡೆಯತ್ತೆ? ಇಲ್ಲಿ ಎಲ್ಲಾರೂ ಪೆಟ್ಟೀಲೇ ಇಡೋದು.”

“ಫ್ಯಾನ್ ಐತಲ್ರಿ.”

ರಮಾಬಾಯಿ ಕೂತ ಹೆಣವನ್ನು ಆಗ ಸರಿಯಾಗಿ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳ್ಳೆಯ ಮನಸ್ಸಿನಿಂದ ತರಿಸಿದ ಗಾಜಿನ ಪೆಟ್ಟಿಗೆ ಬೀದಿಯಿಂದಲೇ ವಾಪಸು ಹೋಯಿತು.

ಕೊನೆಗೂ ಕಾಲು ಮಡಿಚಿತು. ಕೊಟ್ರಪ್ಪನನ್ನು ಗೋಡೆಗೆ ಆನಿಸಿ, ಹಣೆಗೆ ಒಂದು ಬಿಳಿಯ ಪಂಚೆ ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದರು. ಲಿಂಗ ಇಡಲು ಕೈ ಬಿಡಿಸುವ ಕಷ್ಟವೇ ಬೀಳಲಿಲ್ಲ. ರೋಗದಿಂದ ಮುರುಟಿಕೊಂಡಿದ್ದ ಬೆರಳುಗಳ ನಡುವೆ ಲಿಂಗ ತಾನಾಗಿ ಕೂತಿತು. ಮೈತುಂಬ ವಿಭೂತಿ ಬಳಿದು ಎಲ್ಲರೂ ಹಿಂದೆ ಸರಿದು ನೋಡಿದರು. ಒಂದು ವರ್ಷಕ್ಕೂ ಮೇಲಾಗಿತ್ತು ಅವನು ನೆಟ್ಟಗೆ ಕೂತು.

ದಾಕ್ಷಾಯಿಣಿ, “ಅಪ್ಪ ಉಕ್ಕಾಂದಿರುಕ್ಕಾರು ಮಾ,” ಎಂದಳು. ಕೂತಿದ್ದಾರೆ ನೋಡಮ್ಮಾ ಅಂತ.

ಅವನ ತಲೆಯ ಮೇಲೆ, ಗೋಡೆಯಲ್ಲಿ, ಅವಳೇ ಅಂಟಿಸಿದ್ದ ರಟ್ಟು ಇನ್ನೂ ಇತ್ತು. ಪಾಳಿಯ ಮೇಲೆ ಬರುವ ಆಯಾಗಳಿಗಾಗಿ ತಮಿಳಿನಲ್ಲಿ, ಬರುವ ನೆಂಟರಿಗಾಗಿ ಕನ್ನಡದಲ್ಲಿ ಕೆಂಪು ಶಾಯಿಯಿಂದ ಬರೆದದ್ದು: ಬಾಯಿಗೆ ಏನೂ ಹಾಕಬಾರದು. ಒಂದು ಹನಿ ನೀರೂ ಸಹ.

ಅಂದಾನಯ್ಯನವರು ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಅವರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಜಂಗಮರು. ಮದರಾಸಿನಲ್ಲಿರುವ ಲಿಂಗವಂತರ ಮದುವೆ, ಮರಣ ಎಲ್ಲಕ್ಕೂ ಅವರೇ ಬರಬೇಕು. ರಟ್ಟನ್ನು ಓದಿ, ಕೊಟ್ರಪ್ಪನ ಮುಖ ನೋಡಿ, ಕೇಳಬೇಕಾದ್ದನ್ನು ಕೇಳಿದರು.

“ಕಡೀ ಪಾದೋದಕ ಆತೇನ್ರಿ?”

ದಿನಾ ಲಿಂಗ ತೊಳೆದ ನೀರನ್ನು ಮೂರು ಸಲ ಅಂಗೈಯಲ್ಲಿ ತೆಗೆದುಕೊಂಡ ಮೇಲೇ ಬೇರೆ ನೀರು ಎಂದು ಬದುಕಿದವನಿಗೆ, ಸಾಯುವಾಗ ಅದು ಬಾಯಿಗೆ ಬೀಳದಿದ್ದರೆ ಅದಕ್ಕಿಂತ ದೊಡ್ಡ ಬಡತನವಿಲ್ಲ.

“ಎಲ್ಲೀದು ಸ್ವಾಮಿ,” ಎಂದ ವಿಶ್ವಾರಾಧ್ಯ. “ಒಂದ್ ಹನಿ ಹಾಕಿದ್ರೂ ನೆತ್ತಿಗಲ್ಲ, ಪುಪ್ಪುಸಕ್ಕ ಹೋಗ್ತತಿ, ಸಾಯ್ತಾನ ಅಂದಿದ್ರು ಡಾಕ್ಟ್ರು. ಹನ್ನೆಲ್ಡು ತಿಂಗ್ಳ ಮ್ಯಾಲಾತು, ಕಣ್ಣಿಗೆ ಒತ್ತತಿದ್ವಿ ಅಷ್ಟೆ. ಒಣ ಬಾಯಾಗ ಹೋದ ನನ್ ತಮ್ಮ.”

ಅಂದಾನಯ್ಯನವರು ನಿಟ್ಟುಸಿರು ಬಿಟ್ಟರು. ಸರ್ವಮಂಗಳಾ ಬಿಸಿನೀರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು.

ಕೊಟ್ಟಿದ್ದಳು. ಸೋಮವಾರ ಕೊಟ್ಟಿದ್ದಳು.

*

ಕೊಟ್ರಪ್ಪ ಕೊಟ್ಟೂರಿನ ಕಡೆಯಿಂದ ಬಂದು ಜಾರ್ಜ್ ಟೌನಿನಲ್ಲಿ ಮೆಣಸಿನಕಾಯಿ ದಲ್ಲಾಳಿಯಾದವನು. ಅವನ ಬಂಡವಾಳವೆಲ್ಲ ನಾಲಗೆಯ ಮೇಲಿತ್ತು. ಬ್ಯಾಡಗಿ ಚೀಲ ಬಿಚ್ಚಿದರೆ ಒಂದು ಕಾಯಿ ಮುರಿದು, ತುದಿಯನ್ನು ನಾಲಗೆಗೆ ಇಟ್ಟು, ಕಣ್ಣು ಮುಚ್ಚಿ, “ಡಬ್ಬಿ ಕಾಯಿ ಅಂತ ಹೇಳಿ ಕಡ್ಡಿ ಕಾಯಿ ಬೆರ್ಸ್ಯಾರ, ಅದೂ ಹ್ವಾದ ವರ್ಷದ್ದು,” ಎನ್ನುತ್ತಿದ್ದ. ಮಾರ್ವಾಡಿಗಳು, ನಾಡಾರರು, ಎಲ್ಲರೂ ಅವನ ನಾಲಗೆಯನ್ನು ನಂಬುತ್ತಿದ್ದರು. ಮನೆಗೆ ಬಂದಾಗ ಮೈಯೆಲ್ಲ ಘಾಟು. ಮಗಳು ಚಿಕ್ಕವಳಿದ್ದಾಗ ಅಪ್ಪನ ಮೇಲೆ ಬಿದ್ದು ಸೀನುತ್ತಿದ್ದಳು. ಅವಳು ಸೀನುವುದನ್ನು ನೋಡುವುದೇ ಅವನಿಗೆ ದಿನದ ಸಂಬಳ.

ಬೇರೆ ವಿಶೇಷವೇನೂ ಇಲ್ಲದ ಬದುಕು. ಬೆಳಿಗ್ಗೆ ಸ್ನಾನ, ಪೂಜೆ, ಪಾದೋದಕ, ಚಹಾ, ಅಂಗಡಿ. ಭಾನುವಾರ ಜೋಳದ ರೊಟ್ಟಿ ಸಿಕ್ಕರೆ ಅವನೇ ರಾಜ. ಅವನಿಗೆ ದೊಡ್ಡ ಆಸೆ ಅಂತ ಒಂದಿದ್ದರೆ ಅದು ಮಗಳು ಕನ್ನಡದಲ್ಲಿ ಉತ್ತರ ಕೊಡಲಿ ಅನ್ನುವುದು. ಅದೂ ಪೂರ್ತಿ ಈಡೇರಲಿಲ್ಲ.

ರೋಗ ಮೊದಲು ಹಿಡಿದದ್ದು ಆ ನಾಲಗೆಯನ್ನೇ. ಫೋನಿನಲ್ಲಿ ಮಾತು ತೊದಲಿತು. “ಏನ್ ಕೊಟ್ರಪ್ಪಣ್ಣ, ಬೆಳಿಗ್ಗೇನೇ ಹಾಕ್ಕಂಡೀಯ?” ಎಂದು ಗೆಳೆಯರು ತಮಾಷೆ ಮಾಡಿದರು. ಜನ್ಮದಲ್ಲಿ ಹೆಂಡ ಮುಟ್ಟದವನು ನಕ್ಕು ಸುಮ್ಮನಾದ. ಆಮೇಲೆ ನೀರು ಕುಡಿದರೆ ಕೆಮ್ಮು, ಅನ್ನ ನುಂಗಿದರೆ ಕೆಮ್ಮು. ಡಾಕ್ಟರು ಹೇಳಿದ ಹೆಸರು ಮೋಟಾರ್ ನ್ಯೂರಾನ್. ನರಗಳು ಒಂದೊಂದಾಗಿ ಕೈಬಿಡುತ್ತವೆ, ಬುದ್ಧಿ ಮಾತ್ರ ಕಡೆಯವರೆಗೂ ಚೊಕ್ಕಟವಾಗಿ ಇರುತ್ತದೆ, ಔಷಧಿ ಇಲ್ಲ. ಬುದ್ಧಿ ಇರುತ್ತದೆ ಅನ್ನುವುದನ್ನು ಡಾಕ್ಟರು ಸಮಾಧಾನಕ್ಕೆ ಹೇಳಿದರು. ಅದೇ ಶಾಪವೆಂದು ಮನೆಯವರಿಗೆ ಆಮೇಲೆ ಗೊತ್ತಾಯಿತು.

ನುಂಗುವುದು ಪೂರ್ತಿ ನಿಂತಾಗ ಹೊಟ್ಟೆಗೆ ನಳಿಗೆ ಹಾಕುವ ಮಾತು ಬಂತು. ಕೊಟ್ರಪ್ಪನಿಗೆ ಆಗ ಇನ್ನೂ ತಲೆ ಆಡಿಸುವುದಕ್ಕೆ ಬರುತ್ತಿತ್ತು. ಬೇಡವೆಂದು ಆಡಿಸಿದ. ಮತ್ತೆ ಕೇಳಿದರೆ ಮತ್ತೆ ಆಡಿಸಿದ. ಸರ್ವಮಂಗಳಾ, ದಾಕ್ಷಾಯಿಣಿ ಇಬ್ಬರೂ ಅತ್ತು, ಒಪ್ಪಿಕೊಂಡಿದ್ದರು.

ಆಗ ಊರಿನಿಂದ ವಿಶ್ವಾರಾಧ್ಯ ಬಂದ. ಅವ್ವ ಸತ್ತಾಗ ಕೊಟ್ರಪ್ಪ ಇನ್ನೂ ಅಂಬೆಗಾಲಿಕ್ಕುವ ಕೂಸು. ಆಗಲೇ ಮೀಸೆ ಮೂಡುತ್ತಿದ್ದ ಅಣ್ಣನೇ ಅವನಿಗೆ ಅವ್ವನಾದ.

“ತುತ್ತು ಮಾಡಿ ಉಣಿಸಿದ ಕೈ ಇದು,” ಎಂದು ಆಸ್ಪತ್ರೆಯ ವರಾಂಡದಲ್ಲಿ ಅಂಗೈ ಚಾಚಿ ಅತ್ತ. “ಹಸಕೊಂಡು ಸಾಯಿ ಅಂತ ಹೆಂಗ ಬಿಡ್ಲವ್ವ? ನಾಯಿಗಾದ್ರೂ ಅನ್ನ ಹಾಕ್ತೀವಿ. ನಿನ್ ಕಾಲಿಗೆ ಬೀಳ್ತೀನಿ, ನಳಿಗಿ ಹಾಕಸು.”

ಭಾವ ಕಾಲಿಗೆ ಬಿದ್ದರೆ ಯಾವ ಹೆಂಗಸು ತಡೆದುಕೊಂಡಾಳು? ಅವಳು ಸಹಿ ಹಾಕಿದಳು. ನಳಿಗೆ ಹಾಕಿಸಿಕೊಂಡು ಬಂದ ದಿನ ಕೊಟ್ರಪ್ಪ ಹೆಂಡತಿಯ ಮುಖ ನೋಡಲಿಲ್ಲ. ಆ ಮುನಿಸು ಬಹಳ ದಿನ ಇತ್ತು. ಮುನಿಸಿಕೊಂಡವನ ಕೈ, ಕಾಲು, ಕತ್ತು ಎಲ್ಲ ಬಿದ್ದುಹೋದವು. ಹೊಟ್ಟೆ ಮಾತ್ರ ದಿನಾ ತುಂಬುತ್ತಿತ್ತು.

*

ಹತ್ತು ಗಂಟೆಯ ಹೊತ್ತಿಗೆ ಜನ ಸೇರಿದರು. ಜಾರ್ಜ್ ಟೌನಿನ ಅಂಗಡಿಯವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತ ಹೆಣವನ್ನು ನೋಡಿ ಒಂದು ಕ್ಷಣ ಬೆಚ್ಚಿ, ಆಮೇಲೆ ಕೈ ಮುಗಿದರು. ಲಿಂಗವಂತರ ನಾಲ್ಕೈದು ಮನೆಯವರು ಭಜನೆಗೆ ಕೂತರು.

“ಶರಣರ ಗುಣ ಮರಣದಾಗ ನೋಡು ಅಂತಾರ,” ಎಂದಳೊಬ್ಬ ಮುದುಕಿ. “ಮುಖದಾಗ ಎಂಥ ಕಳಿ ಐತಿ ನೋಡ್ರಿ.”

“ಕಳಿ ಐತಿ ಖರೆ. ಆದ್ರ ಪಾದೋದಕ ಇಲ್ದ ಹ್ವಾದನಂತಲ್ಲ.”

“ಹೌದಾ? ಹೆಂಡ್ತಿ ಪಕ್ಕದಾಗೇ ಇದ್ಲಲ್ಲ?”

“ಡಾಕ್ಟ್ರ ಮಾತು ಕೇಳ್ಯಾರ. ಈಗಿನೋರಿಗೆ ಡಾಕ್ಟ್ರೇ ಶಿವ.”

ಅವರು ಪಿಸುಗುಡುತ್ತಿದ್ದೇವೆಂದುಕೊಂಡಿದ್ದರು. ಸರ್ವಮಂಗಳಾಗೆ ಪ್ರತಿ ಮಾತೂ ಕೇಳಿಸಿತು. ಬಾಯಿ ಬಿಟ್ಟರೆ ಗಂಡನನ್ನು ಕೊಂದವಳು, ಬಿಡದಿದ್ದರೆ ಒಣಬಾಯಲ್ಲಿ ಕಳಿಸಿದವಳು. ಬಿಸಿ ತುಪ್ಪ ಅಂತಾರಲ್ಲ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಅದು ಏನೆಂದು ಅವಳಿಗೆ ಗೊತ್ತಾಗಿದ್ದು ಆವತ್ತು.

ದಾಕ್ಷಾಯಿಣಿಗೂ ಕೇಳಿಸಿರಬೇಕು. ಅವಳು ದಡಬಡ ಎದ್ದು, ಕುರ್ಚಿ ಎಳೆದು, ಅದರ ಮೇಲೆ ಹತ್ತಿ ಗೋಡೆಯ ರಟ್ಟನ್ನು ಕಿತ್ತಳು. ಅಂಟಿನ ಜೊತೆಗೆ ಸುಣ್ಣವೂ ಕಿತ್ತು ಬಂದು ಅಪ್ಪನ ಹೆಗಲ ಮೇಲೆ ಉದುರಿತು. ರಟ್ಟನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದವಳು ಅಮ್ಮನ ಮುಂದೆ ಕುಸಿದು ಕೂತಳು.

“ನಾನೇ ಮಾ. ನಾನೇ ತಡ್ದೆ. ದಿನಾ ಪೂಜೆ ಆದ್ಮೇಲೆ ಅಪ್ಪ ಬಾಯ್ ತೆಗೀತಿದ್ರು. ನೀನು ಸ್ಪೂನ್ ತಗೊಂಡ್ರೆ ನಾನೇ ಕೂಗ್ತಿದ್ದೆ ನಿನ್ ಮೇಲೆ. ಒಂದು ಸ್ಪೂನ್ ಮಾ. ಒರು ಸ್ಪೂನ್ ತೀರ್ಥ. ಅಷ್ಟೇ ತಾನೇ ಕೇಳಿದ್ದು ಅವರು?”

“ಸುಮ್ನಿರವ್ವ.”

“ಎಪ್ಪಡಿ ಮಾ ಸುಮ್ನಿರೋದು? ಹೇಗಿದ್ರೂ ಹೋಗೋರೇ ತಾನೇ? ಕೊಟ್ಟಿದ್ರೆ ಏನಾಗ್ತಿತ್ತು?”

ಏನಾಗುತ್ತಿತ್ತು ಎಂದು ಸರ್ವಮಂಗಳಾಗೆ ಗೊತ್ತಿತ್ತು. ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೇಳಿಬಿಡಬೇಕು ಅನ್ನಿಸಿ ಬಾಯಿ ತೆರೆದಳು. ಬಾಗಿಲಲ್ಲಿ ಭಾವ ನಿಂತಿದ್ದ. ಬಾಯಿ ಮುಚ್ಚಿದಳು.

*

ಹಲಗೆಯ ಮೇಲೆ ಬರೆದ ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಕೊಟ್ರಪ್ಪ ಕಣ್ಣು ಮಿಟುಕಿಸುವುದು. ಹೌದಾದರೆ ಒಂದು ಮಿಟುಕು, ಬೇಡವಾದರೆ ಕಣ್ಣು ಗಟ್ಟಿಯಾಗಿ ಮುಚ್ಚುವುದು. ಕೊನೆಗೆ ಅವನಿಗೆ ಉಳಿದಿದ್ದ ಮಾತು ಇಷ್ಟು. ಮೊದಮೊದಲು ಅವನು ಫ್ಯಾನ್, ಸೊಳ್ಳೆ, ಅಂಗಡಿ ಎಂದೆಲ್ಲ ಹೇಳುತ್ತಿದ್ದ. ಆಮೇಲೆ ಒಂದೇ ಮಾತು, ಬೆಳಿಗ್ಗೆ, ಸಂಜೆ: ಸಾಕು.

ಮನೆಗೆ ಬಂದು ನೋಡುತ್ತಿದ್ದ ಡಾಕ್ಟರ್ ದಿನೇಶ್ ಎದುರಿಗೇ ಒಂದು ದಿನ ಅವನು ಹಲಗೆಯಲ್ಲಿ ‘ಸೂಜಿ’ ಎಂದ. ಕಳಿಸುವ ಸೂಜಿ. ಹೆಂಡತಿ ಅದನ್ನು ತಮಿಳಿನಲ್ಲಿ ಹೇಳಬೇಕಾಯಿತು. ಗಂಡನ ಸಾವನ್ನು ಕೇಳುವ ಮಾತಿಗೆ ದುಭಾಷಿಯಾಗುವ ಗತಿ ಯಾವ ಹೆಂಗಸಿಗೂ ಬರಬಾರದು.

ದಿನೇಶ್ ಹಾಸಿಗೆಯ ಪಕ್ಕ ಕೂತು ತಮಿಳಿನಲ್ಲೇ, ಕೊಟ್ರಪ್ಪನಿಗೇ ಹೇಳಿದರು. “ಅದನ್ನ ನಾನು ಮಾಡೋ ಹಾಗಿಲ್ಲ ಅಯ್ಯಾ. ನಮ್ಮ ಕಾನೂನು, ಮೊದಲೇ ಬೇಡ ಅಂದ್ರೆ ನಳಿಗೆ ಹಾಕಬೇಡಿ ಅನ್ನುತ್ತೆ. ಹಾಕಿದ್ದನ್ನ ನಿಲ್ಲಿಸೋಕೆ ಡಾಕ್ಟರುಗಳ ಎರಡು ಮಂಡಳಿ ಕೂರಬೇಕು, ಮನೆಯವರೆಲ್ಲ ಒಪ್ಪಬೇಕು. ಸೂಜಿ ಹಾಕೋದು ಮಾತ್ರ ಕೊಲೆ.”

“ಬೇರೆ ಕಂಟ್ರೀಸ್‌ನಲ್ಲಿ ಇದೆಯಲ್ಲ?” ಎಂದಳು ದಾಕ್ಷಾಯಿಣಿ.

“ಕೆಲವು ಕಡೆ ಇದೆ.”

“ಇಲ್ಲಿ ಇರಬೇಕಾ, ಬ್ಯಾಡವಾ? ನೀವು ಹೇಳ್ರಿ,” ಎಂದು ಸರ್ವಮಂಗಳಾ ಕೇಳಿದಳು.

ದಿನೇಶ್ ಅವಳ ಕಡೆ ತಿರುಗಿದರು. “ದಿನಕ್ಕೊಂದು ಥರ ಅನ್ನಿಸುತ್ತಮ್ಮ. ನಿಮ್ಮ ಮನೆಯಲ್ಲಿ ಕೂತಾಗ ಇರಬೇಕು ಅನ್ನಿಸುತ್ತೆ. ಇಲ್ಲಿಂದ ಇನ್ನೊಂದು ಮನೆಗೆ ಹೋಗ್ತೀನಿ. ಅಲ್ಲಿ ಮುದುಕಿ ಯಾವಾಗ ಹೋಗ್ತಾಳೆ ಅಂತ ಮಕ್ಕಳು ನನ್ನ ಮುಖ ನೋಡ್ತಾರೆ. ಆಗ, ಸದ್ಯ ಇಲ್ಲವಲ್ಲ ಅನ್ನಿಸುತ್ತೆ.”

ನಳಿಗೆ ನಿಲ್ಲಿಸುವ ಮಂಡಳಿಗಾದರೂ ಕೇಳೋಣ ಎಂದು ತಾಯಿ ಮಗಳು ಊರಿನಲ್ಲಿದ್ದ ಭಾವನಿಗೆ ಫೋನ್ ಮಾಡಿದರು. ವಿಶ್ವಾರಾಧ್ಯ ಕೂಗಾಡಿದ. “ಜೀವ ಕೊಟ್ಟಾವ ಶಿವ. ಒಯ್ಯಾವನೂ ಅವನೇ. ಹಸಿವಿಗೆ ಕೊಲ್ಲಾಕ ಹತ್ತು ಮಂದಿ ಡಾಕ್ಟ್ರು ಕುಂತು ಒಪ್ಪಿಗಿ ಕೊಡಬೇಕೇನ? ನಾನು ಬದುಕಿರೋತನಕ ಒಪ್ಪಂಗಿಲ್ಲ.” ಫೋನ್ ಸ್ಪೀಕರಿನಲ್ಲಿತ್ತು. ಅಣ್ಣನ ದನಿ ಕೇಳುತ್ತಾ ಕೊಟ್ರಪ್ಪನ ಕಣ್ಣಿನಿಂದ ನೀರು ಇಳಿಯಿತು. ಅವನಿಗೆ ಅಣ್ಣನ ಮೇಲೆ ಸಿಟ್ಟಿತ್ತೋ, ಪ್ರೀತಿಯಿತ್ತೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮತ್ತೂ ತಿಂಗಳುಗಳು ಹೋದವು. ಅವನ ಉಗುಳನ್ನೂ ಅವನು ನುಂಗಲಾರ. ಗದ್ದದಿಂದ ಜೊಲ್ಲು ಇಳಿಯುತ್ತಿತ್ತು, ಸರ್ವಮಂಗಳಾ ಸೆರಗಿನಿಂದ ಒರೆಸುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ. ಕಫ ಕಟ್ಟಿದಾಗ ಎಳೆಯುವುದಕ್ಕೆ ಹಾಸಿಗೆಯ ಪಕ್ಕ ಒಂದು ಮಷಿನ್ ಇತ್ತು. ಅದರ ಗುರ್ ಸದ್ದಿಗೆ ಅವನ ಕಣ್ಣಲ್ಲಿ ಹುಟ್ಟುತ್ತಿದ್ದ ಹೆದರಿಕೆಯನ್ನು ನೋಡಲಾರದೆ ಅವಳು ಮುಖ ತಿರುಗಿಸಿಕೊಂಡು ಎಳೆಯುತ್ತಿದ್ದಳು.

ಆ ಸೋಮವಾರ ದಾಕ್ಷಾಯಿಣಿ ನುಂಗಂಬಾಕ್ಕಂನ ಆಫೀಸಿಗೆ ಹೋಗಿದ್ದಳು. ಆಯಾ ಬಂದಿರಲಿಲ್ಲ. ಸರ್ವಮಂಗಳಾ ಎಂದಿನಂತೆ ಗಂಡನ ಅಂಗೈಯಲ್ಲಿ ಲಿಂಗವಿಟ್ಟು, ನೀರೆರೆದು, ಬಿಲ್ವಪತ್ರೆ ಇಟ್ಟು ಪೂಜೆ ಮಾಡಿದಳು. ಎರೆದ ನೀರನ್ನು ಬೆಳ್ಳಿ ಬಟ್ಟಲಲ್ಲಿ ಹಿಡಿದು ಅವನ ಕಣ್ಣಿಗೆ ಒತ್ತಿದಳು.

ಅವನು ಬಾಯಿ ತೆರೆದ. ದಿನಾ ತೆರೆಯುತ್ತಿದ್ದ, ಅವಳು ಗದ್ದ ಸವರಿ ಮುಚ್ಚಿಸುತ್ತಿದ್ದಳು. ಆವತ್ತು ಮುಚ್ಚಿಸಿದರೆ ಮತ್ತೆ ತೆರೆದ. ಕಣ್ಣು ಅವಳ ಕಣ್ಣಲ್ಲೇ ನೆಟ್ಟಿತ್ತು.

“ಪಾದೋದಕ ಬೇಕಾ?”

ಒಂದು ಮಿಟುಕು.

ಅವಳು ಬಾಗಿಲ ಕಡೆ ನೋಡಿದಳು. ಗೋಡೆಯ ಮೇಲೆ ಕೆಂಪು ಅಕ್ಷರ. ದನಿ ತಗ್ಗಿಸಿ ಕೇಳಿದಳು. “ಪಾದೋದಕಕ್ಕಾ? ಇಲ್ಲಾ... ಹೋಗಾಕಾ?”

ಒಂದು ಮಿಟುಕು. ಸ್ವಲ್ಪ ಬಿಟ್ಟು ಇನ್ನೊಂದು. ಎರಡಕ್ಕೂ.

“ನನ್ ಕೈಲಿ ಮಾಡಸ್ತೀರೇನ್ರಿ ಇದನ್ನ?” ಎಂದು ಅವಳು ಎದೆ ಬಡಿದುಕೊಂಡು ಅತ್ತಳು. ಅವನು ಬಾಯಿ ಮುಚ್ಚಲಿಲ್ಲ.

ಮೊದಲನೆಯ ಗುಟುಕಿಗೇ ಕೆಮ್ಮು. ಶಕ್ತಿಯಿಲ್ಲದ, ಒಳಗೇ ಸಿಕ್ಕಿಕೊಂಡ ಕೆಮ್ಮು. ಮುಖ ಕಪ್ಪಿಟ್ಟಿತು. ತಗ್ಗುತ್ತಿದ್ದಂತೆ ಅವನು ಮತ್ತೆ ಬಾಯಿ ತೆರೆದ. ಅವಳು ಎರಡನೆಯದು ಕೊಟ್ಟಳು. ಮೂರನೆಯದನ್ನೂ ಕೊಟ್ಟಳು. ಆಮೇಲೆ ಬಂದ ಕೆಮ್ಮು ನಿಲ್ಲಲಿಲ್ಲ. ಅವಳ ಕೈ ತಾನಾಗಿ ಮಷಿನ್ನಿನ ಗುಂಡಿಗೆ ಹೋಯಿತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ. ಬೇಡ. ಅವಳು ಕೈ ತೆಗೆದಳು. ಅವನ ಕೊರಳಿನ ನರ ಉಬ್ಬಿತು, ಕಣ್ಣು ಮೇಲೆ ಹೋಯಿತು. ಅವಳಿಂದ ಆಗಲಿಲ್ಲ. ಗುಂಡಿ ಒತ್ತಿಬಿಟ್ಟಳು. ಮಷಿನ್ನಿನ ನಳಿಗೆಯನ್ನು ಬಾಯೊಳಗೆ ಬಿಟ್ಟು ಎಳೆದಳು, ಅಳುತ್ತಾ ಎಳೆದಳು.

ಅವನು ಬದುಕಿದ. ಸಂಜೆಗೆ ಜ್ವರ ಬಂತು.

ನೆಟ್ಟಗೆ ಕಳಿಸಿಕೊಡಲೂ ಇಲ್ಲ, ನೆಟ್ಟಗೆ ಉಳಿಸಿಕೊಳ್ಳಲೂ ಇಲ್ಲ. ಅವಳ ಹೇಡಿತನಕ್ಕೆ ಅವನು ಇನ್ನೂ ಕೆಲವು ದಿನ ಸುಡುವ ಜ್ವರದಲ್ಲಿ ಗೊರಗೊರ ಉಸಿರೆಳೆಯಬೇಕಾಯಿತು. ಸುದ್ದಿ ತಿಳಿದ ವಿಶ್ವಾರಾಧ್ಯ ಮಂಗಳವಾರವೇ ಓಡಿ ಬಂದು ತಮ್ಮನ ಕಾಲ ಬುಡದಲ್ಲಿ ಕೂತ. ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದಾಗಲೆಲ್ಲ ಕೊಟ್ರಪ್ಪ ಕಣ್ಣು ಮುಚ್ಚಿದ. ಈ ಸಲ ಅಣ್ಣನೂ ಕಾಲಿಗೆ ಬೀಳಲಿಲ್ಲ.

*

ಮಧ್ಯಾಹ್ನ ದಿನೇಶ್ ಬಂದರು. ಹೂವಿನ ಹಾರ ಹಾಕಿ, ಸರ್ವಮಂಗಳಾ ಇದ್ದಲ್ಲಿಗೆ ಬಂದು ನಿಂತರು.

“ಡಾಕ್ಟ್ರೇ,” ಅವಳು ತಮಿಳಿನಲ್ಲಿ ಶುರುಮಾಡಿದಳು, “ಸೋಮವಾರ ನಾನು...”

“ಅವರ ಉಗುಳೇ ಅವರ ಶ್ವಾಸಕೋಶಕ್ಕೆ ಹೋಗ್ತಾ ಇತ್ತು,” ಎಂದು ದಿನೇಶ್ ಅವಳ ಮಾತನ್ನು ಅಲ್ಲಿಗೇ ತಡೆದರು. “ಯಾವತ್ತೋ ಒಂದಿನ ಈ ಜ್ವರ ಬರೋದೇ ಇತ್ತು. ಇಷ್ಟೇ ನನಗೆ ಗೊತ್ತಿರೋದು. ಇದಕ್ಕಿಂತ ಹೆಚ್ಚು ನನಗೆ ಗೊತ್ತಾಗೋದು ಬೇಡಮ್ಮ.”

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅವರು ಮೆಟ್ಟಿಲಿಳಿದು ಹೋದಾಗ ಸರ್ವಮಂಗಳಾಗೆ ಲೋಕದಲ್ಲಿ ತನ್ನ ಮಾತು ಕೇಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ ಅನ್ನಿಸಿತು. ಇದ್ದವನೊಬ್ಬ ಹಣೆಗೆ ಪಂಚೆ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ.

ಬಿಸಿಲು ಇಳಿದ ಮೇಲೆ ವ್ಯಾನಿನಲ್ಲಿ ಕುರ್ಚಿಯಿಟ್ಟು, ಬಾಳೆಕಂದು, ಹೂವು ಕಟ್ಟಿ, ಕೊಟ್ರಪ್ಪನನ್ನು ಕೂರಿಸಿದರು. ಪುರಸವಾಕ್ಕಂ ಹೈರೋಡಿನಲ್ಲಿ ಜವಳಿ ಅಂಗಡಿಗಳ ಮುಂದೆ ಜನ ನಿಂತು ನೋಡಿದರು. ಹೆಂಗಸರೂ ಜೊತೆಗೆ ಹೊರಟಾಗ ರಮಾಬಾಯಿ, “ನೀನೂ ಹೋಗ್ತೀಯಾ ಮಾ? ನಮ್ಮಲ್ಲಿ ಹೋಗೋದೇ ಇಲ್ಲ,” ಎಂದರು. ಆಮೇಲೆ ಏನನ್ನಿಸಿತೋ, ತಾವೂ ಚಪ್ಪಲಿ ಮೆಟ್ಟಿಕೊಂಡು ವ್ಯಾನು ಹತ್ತಿದರು.

ಸ್ಮಶಾನದಲ್ಲಿ ಗುಂಡಿ ಆಳವಾಗಿ, ಚೌಕವಾಗಿ ಸಿದ್ಧವಾಗಿತ್ತು. ಕೊಟ್ರಪ್ಪನನ್ನು ಇಳಿಸಿ, ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಸುತ್ತ ಬಿಲ್ವಪತ್ರೆ, ವಿಭೂತಿ ಗಟ್ಟಿ. ಅಂದಾನಯ್ಯನವರು ಗುಂಡಿಯ ಅಂಚಿನಲ್ಲಿ ಕೂತು ಬೆಳ್ಳಿ ಬಟ್ಟಲಿನಲ್ಲಿ ಪಾದೋದಕ ಸಿದ್ಧ ಮಾಡಿದರು. ಸರ್ವಮಂಗಳಾ ನೋಡಿದಳು. ಮನೆಯಿಂದ ಯಾರೋ ತಂದಿದ್ದರು, ಅದೇ ಬಟ್ಟಲು.

“ಬದುಕಿದ್ದಾಗ ಆಗ್ಲಿಲ್ಲ. ಈಗಾದ್ರೂ ಹಾಕ್ರಿ. ಶಿವ ಒಪ್ಪಿಕೊಂತಾನ,” ಎಂದು ಅಂದಾನಯ್ಯನವರು ವಿಶ್ವಾರಾಧ್ಯನಿಗೆ ಬಟ್ಟಲು ಕೊಟ್ಟರು.

ವಿಶ್ವಾರಾಧ್ಯ ಗುಂಡಿಗೆ ಇಳಿದ. ತಮ್ಮನ ಮುಂದೆ ಮಂಡಿಯೂರಿದವನು ಕೈ ಎತ್ತಲಾರದೆ ಗೋಳೋ ಎಂದು ಅಳಲು ಶುರುಮಾಡಿದ.

“ತಪ್ಪಾತಪ್ಪೋ ಕೊಟ್ರ. ಹೊಟ್ಟಿ ತುಂಬಸಾಕ ಹೋಗಿ ನಿನ್ ಬಾಯಿ ಒಣಗ್ಸಿದ್ನೋ. ಒಂದ್ ಗುಟುಕು ತೀರ್ಥಕ್ಕ ಗತಿ ಇಲ್ದಂಗ ಮಾಡಿದ್ನೋ.”

ಮೇಲೆ ದಾಕ್ಷಾಯಿಣಿ ಮುಖ ಮುಚ್ಚಿಕೊಂಡಳು. ಬಿಕ್ಕಳಿಕೆಗೆ ಅವಳ ಮೈಯೆಲ್ಲ ಕುಲುಕುತ್ತಿತ್ತು. ಸರ್ವಮಂಗಳಾ ಅವಳನ್ನು ನೋಡಿದಳು, ಗುಂಡಿಯಲ್ಲಿದ್ದ ಭಾವನನ್ನು ನೋಡಿದಳು. ಇವರಿಬ್ಬರೂ ಸಾಯುವ ತನಕ ಹೀಗೇ ಅಳುತ್ತಾರೆ. ಮಾಡದ ತಪ್ಪಿಗೆ.

“ಅವರು ಒಣ ಬಾಯಾಗ ಹೋಗಿಲ್ಲ,” ಎಂದಳು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು.

“ಪಾದೋದಕ ಕೊಟ್ಟೀನ್ರಿ ಭಾವ. ಮೂರೂ ಸಲ. ಸೋಮವಾರ, ಪೂಜಿ ಆದ ಮ್ಯಾಲೆ. ಅವ್ರು ಕೇಳಿದ್ರು. ಬಾಯಿ ತಕ್ಕೊಂಡೇ ಇದ್ರು.”

ವಿಶ್ವಾರಾಧ್ಯನ ಅಳು ನಿಂತಿತು. ಕೆಳಗಿನಿಂದ ತಲೆಯೆತ್ತಿ ಅವಳನ್ನು ನೋಡಿದ. ತುಟಿ ಅಲುಗಿತು. “ಸೋಮವಾರ,” ಎಂದ. ಆಮೇಲೆ, “ಜ್ವರ ಬಂದದ್ದು ಸೋಮವಾರ,” ಎಂದ.

“ಹೌದ್ರಿ.”

“ಗೊತ್ತಿದ್ದೂ ಕೊಟ್ಟಿಯೇನು?”

“ಗೊತ್ತಿದ್ದೇ ಕೊಟ್ಟೀನಿ. ಅವ್ರಿಗೂ ಗೊತ್ತಿತ್ತು. ಎರಡು ಸಲ ಕೇಳೀನಿ ಅವರನ್ನ. ಕೊಂದೀನಿ ಅನ್ರಿ ಬೇಕಾದ್ರ. ಆದ್ರ ಒಣ ಬಾಯಾಗ ಕಳಿಸಿಲ್ಲ.”

ಮಗಳು ಮುಖದಿಂದ ಕೈ ತೆಗೆದಿದ್ದಳು. ರಮಾಬಾಯಿ “ರಾಮ ರಾಮಾ” ಎಂದರು. ಭಜನೆಯವರ ತಾಳ ನಿಂತಿತು. ಅಂದಾನಯ್ಯನವರು ಏನಾದರೂ ಹೇಳುತ್ತಾರೆಂದು ಜನ ಅವರ ಕಡೆ ನೋಡಿದರು. ಅವರು ನೆಲ ನೋಡುತ್ತಿದ್ದರು.

ವಿಶ್ವಾರಾಧ್ಯ ಮೇಲಕ್ಕೆ ಹತ್ತಿ ಬಂದ. ಕೈಯಲ್ಲಿ ಬಟ್ಟಲು ಹಾಗೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಅವಳ ಎದುರಿಗೆ ನಿಂತು ಅದನ್ನು ಚಾಚಿದ. ಅವನ ಮುಖದಲ್ಲಿ ಸಿಟ್ಟಿತ್ತು, ಬೇರೆಯದೂ ಏನೋ ಇತ್ತು.

“ಹಂಗಾರ ಇದನ್ನೂ ನೀನೇ ಹಾಕು,” ಎಂದ.

ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು ಇಳಿದಳು. ಹಸಿಮಣ್ಣಿನ ತಂಪು ಕಾಲಿಗೆ ತಾಗಿತು. ಗಂಡನ ಮುಂದೆ ಕೂತು, ಎಡಗೈಯಿಂದ ಗದ್ದ ಹಿಡಿದು, ಬಟ್ಟಲನ್ನು ತುಟಿಗೆ ಇಟ್ಟು ಬಾಗಿಸಿದಳು. ನೀರು ಒಳಗೆ ಹೋಯಿತು. ಬಟ್ಟಲು ಕೆಳಗಿಟ್ಟ ಅವಳ ಬಲಗೈ ಪಕ್ಕಕ್ಕೆ ಚಾಚಿ, ಅಲ್ಲಿಲ್ಲದ ಮಷಿನ್ನಿನ ಗುಂಡಿಗಾಗಿ ಮಣ್ಣಿನ ಗೋಡೆಯನ್ನು ತಡಕಾಡಿತು.

ಮೇಲೆ ಮಗಳು, ಭಾವ ಇಬ್ಬರೂ ಗುಂಡಿಯ ಅಂಚಿಗೆ ಬಗ್ಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಕೊಟ್ರಪ್ಪ ಕೆಮ್ಮಲಿಲ್ಲ. ಒಳಗೆ ಹೋದ ನೀರು ನಿಧಾನವಾಗಿ ತುಟಿಯಂಚಿನಿಂದ ಹೊರಗೆ ಬಂದು, ಗದ್ದದ ವಿಭೂತಿಯನ್ನು ತೊಳೆದುಕೊಂಡು ಇಳಿಯಿತು. ಸರ್ವಮಂಗಳಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗಿನ ತುದಿ ತೆಗೆದುಕೊಂಡು, ದಿನಾ ಒರೆಸುತ್ತಿದ್ದ ಹಾಗೆ ಅವನ ಗದ್ದ ಒರೆಸಿದಳು.